ದೀಪಾವಳಿ ಸಂತಿ ಆಫೀಸ್ ಮಂದಿ ಕೂಡಿ ಮಾಡೂದು ಹೆಂಗ

ದೀಪಾವಳಿ ಮುಂದ ಹುಬ್ಬಳ್ಳಿ ಪ್ಯಾಟಿಗೆ ಒಬ್ಬೊಬ್ರ ಹೋಗಬ್ಯಾಡ್ರಿ, ಮನಿ ಮಂದಿನೆಲ್ಲಾ ಕಟಗೊಂಡೂ ಹೋಗಬ್ಯಾಡ್ರಿ. ಆಫೀಸಿನ್ಯಾಗ ನಿಮ್ಮ ಬಾಜೂ ಕುರ್ಚಿಯವ್ರು ನಾಕ ಮಂದಿ ಕೂಡ್ರಿ, ಒಂದ ಯಾದಿ ಬರೀರಿ, ಹೊತ್ತ ನೋಡಿ ಹೊಂಡ್ರಿ. ನಾ ಧಾರವಾಡದಿಂದ ಹುಬ್ಬಳ್ಳಿಗೆ ನೌಕರಿಗೆ ಅಡ್ಡಾಡಾಕ ಹತ್ತಿ 22 ವರ್ಷ ಆತು, ಅಷ್ಟೂ ವರ್ಷದ ಹಬ್ಬದ ಸಂತಿ ನಮ್ಮ ಅಕೌಂಟ್ಸ್ ಸೆಕ್ಷನ್ ಮಂದಿ ಜೋಡಿನ ಮಾಡೇನಿ, ಸಾಮಾನು ಚೊಲೊ ಸಿಕ್ಕಾವ, ರೊಕ್ಕ ಉಳದೈತಿ, ಮತ್ತ ಹೊಟ್ಟಿ ಹುಣ್ಣಾಗೂ ಹಂಗ ನಕ್ಕೇವಿ. ಈ ವರ್ಷ ನಮ್ಮ ಸೆಕ್ಷನ್‌ಗೆ ಹೊಸದಾಗಿ ಬಂದ ಹುಡಗ್ಯಾರು ಇಬ್ರು "ಮೇಡಂ ನೀವ ಹೆಂಗ ಮಾಡ್ತೀರಿ ಒಂದ್ಸಲ ಬರದ ಕೊಡ್ರಿ" ಅಂದ್ರು, ಅದಕ್ಕ ಕುಂತ ಬರಿಯಾಕತ್ತೇನಿ.

ನಾಕ ಮಂದಿನ ಯಾಕ ಅಂತೀರಿ? ಇಬ್ರ ಹೋದ್ರ ಒಬ್ರು ಸೀರಿ ಆರಸತಿರತಾರ ಇನ್ನೊಬ್ರು ಬ್ಯಾಸತ್ತ ನಿಂತಿರತಾರ. ಆರ ಮಂದಿ ಆದ್ರ ಒಂದ ಅಂಗಡ್ಯಾಗ ಹಿಡಸೂದಿಲ್ಲ, ಅದರಾಗ ಇಬ್ರು ಪಾನಿಪುರಿ ಗಾಡಿ ಕಂಡ ಕೂಡ್ಲೆ ಆ ಕಡೆ ಹೋಗಿಬಿಡತಾರ. ನಾಕ ಮಂದಿ ಇದ್ರ ಕೆಲಸ ಹಂಚಕೊಳ್ಳಾಕ ಬರತೈತಿ, ಒಬ್ರು ಅರಬಿ ಅಂಗಡ್ಯಾಗ ಗಾದಿ ಮ್ಯಾಲೆ ಜಾಗಾ ಹಿಡದ ಕುಂದರೂದು, ಒಬ್ರು ಕಿರಾಣಿ ಅಂಗಡಿಗೆ ಹೋಗಿ ಸಾಮಾನು ಕಟ್ಟಾಕ ಹೇಳಿ ಬರೂದು, ಒಬ್ರು ಪಣತಿ ಹೂವು ಬಾಳಿಕಂಬ, ಇನ್ನೊಬ್ರು ಚೀಲ ಮತ್ತ ರೊಕ್ಕದ ಲೆಕ್ಕ. ಚೀಲ ಕಾಯೂ ಕೆಲಸ ಸಣ್ಣದು ಅನಕೋಬ್ಯಾಡ್ರಿ, ಅದನ್ನ ಎಲ್ಲಾರಕಿಂತ ಶಾಂತ ಇರೂ ಮನಶ್ಯಾಗ ಕೊಡ್ರಿ. ಮತ್ತ ನಾಕ ಬೆಡ್‌ಶೀಟ್, ನಾಕ ಟಾವೆಲ್ ಸೆಟ್ಟು, ನಾಕ ಡಬ್ಬಿ ಅಂತ ಕೂಡೇ ತಗೊಂಡ್ರ ಅಂಗಡಿಯವ್ರು ತಾವ ರೇಟ್ ಇಳಸತಾರ. ಒಂದಕ್ಕ ಅರ್ಧಾ ತಾಸು ಚೌಕಾಶಿ ಮಾಡೂದಕ್ಕಿಂತ ನಾಕಕ್ಕ ಒಂದ ಮಾತು ಆಡೂದ ಚೊಲೊ, ಅವರಿಗೂ ಆ ದಿನ ಮಾತಾಡಾಕ ಹೊತ್ತ ಇರೂದಿಲ್ಲ. ಮನಿಯವ್ರನ್ನ ಎರಡನೇ ಸಲಕ್ಕ ಕರಕೊಂಡ ಹೋಗ್ರಿ, ಆಕಾಶಬುಟ್ಟಿ ಆರಸಾಕ, ಹುಡುಗರ ಅರಬಿ ಅಳತಿ ನೋಡಾಕ. ಅದು ಬ್ಯಾರೆ ಸಂಭ್ರಮ, ಅದಕ್ಕ ಯಾದಿ ಬೇಕಾಗಿಲ್ಲ.

ಯಾದಿ ಅಂದ್ನೆಲ್ಲ, ಅದನ್ನ ಬರಿಯೂದರಾಗ ಎಲ್ಲಾ ಐತಿ. ಮಂದಿ ಏನ ಮಾಡತಾರ, ಒಬ್ಬೊಬ್ರ ಹೆಸರ ಬರದು ಕೆಳಗ ಅವರವರ ಸಾಮಾನು ಬರೀತಾರ, ಆಮ್ಯಾಲೆ ಒಂದ ಅಂಗಡಿಗೆ ನಾಕ ಸಲ ತಿರಗತಾರ. ನೀವು ಗಲ್ಲಿ ಪ್ರಕಾರ ಬರೀರಿ. ಜವಳಿ ಸಾಲು ಅಂತ ಒಂದ ಕಡೆ, ಕಂಚಗಾರ ಗಲ್ಲಿ ಭಾಂಡೆ ಸಾಮಾನು ಒಂದ ಕಡೆ, ದುರ್ಗದಬೈಲಿಂದು ಒಂದ ಕಡೆ, ಜನತಾ ಬಜಾರಿಂದು ಒಂದ ಕಡೆ. ಸಾಮಾನಿನ ಮುಂದ ಯಾರಿಗೆ, ಎಷ್ಟು, ಹೆಚ್ಚಂದ್ರ ಎಷ್ಟು ರೊಕ್ಕಾ ತನಕಾ ಕೊಡಬಹುದು ಅನ್ನೂದು ಬರೀಬೇಕು. "ಚೊಲೊದು ನೋಡಿ ತರ್ರಿ" ಅಂತ ಬರದವ್ರ ಸಾಮಾನು ತರಾಕ ಹೋಗಬ್ಯಾಡ್ರಿ, ನಿಮಗ ಚೊಲೊ ಕಂಡದ್ದು ಅವರಿಗೆ ಚೊಲೊ ಕಾಣೂದಿಲ್ಲ.

ಮತ್ತ ಹೊಂಡೂಕಿಂತ ಮದಲ ಯಾದಿ ಪೂರ್ತಿ ಒಮ್ಮೆ ಜೋರಾಗಿ ಓದಿಸ್ರಿ. ಇದಕ್ಕೊಂದು ಕಾರಣ ಐತಿ. ಒಂದ ವರ್ಷ ಹೊಸದಾಗಿ ನೌಕರಿಗೆ ಸೇರಿದ ಹುಡುಗನ ಕೈಯಾಗ ಯಾದಿ ಕೊಟ್ಟ ಕಳಿಸಿದ್ವಿ, ಡಿಸ್ಪ್ಯಾಚ್ ಟೇಬಲ್‌ದ ಅಕ್ಕಾರು ಭಾಂಡೆ ಸಾಮಾನಿನ ಕೆಳಗ ಸಣ್ಣ ಅಕ್ಷರದಾಗ "ಎಡಗೈ ಸೌಟ 1, ಸಾಹೇಬ್ರಿಗೆ" ಅಂತ ಸೇರಿಸಿಬಿಟ್ಟಿದ್ರು. ನಮ್ಮ ಸಾಹೇಬ್ರು ಎಡಗೈಲೆ ಬರಿಯೂದು ಆ ಹುಡುಗ ದಿನಾ ನೋಡತಿದ್ದ, ಹಿಂಗಾಗಿ ಅವಂಗ ಒಂಚೂರೂ ಸಂಶೇ ಬರಲಿಲ್ಲ. ಕಂಚಗಾರ ಗಲ್ಲ್ಯಾಗ ಮದಲನೇ ಅಂಗಡಿಯವ್ರು "ಇವತ್ತ ಮುಂಜಾನಿನ ಮುಗದ್ವಲ್ಲೋ, ಮುಂದ ಕೇಳು" ಅಂದ್ರಂತ. ಎರಡನೇಯವ್ರು "ಸ್ಟೀಲಿಂದ ಬೇಕೋ ಹಿತ್ತಾಳಿದೋ" ಅಂತ ಕೇಳಿ, ಹಿತ್ತಾಳಿದಾದ್ರ ಮೂಲಿ ಅಂಗಡಿ ಅಂತ ಕೈ ಮಾಡಿದ್ರಂತ. ಮೂಲಿ ಅಂಗಡಿ ಅಜ್ಜಾರು ಯಾದಿ ಇಸಗೊಂಡ ಓದಿ, ಹುಡುಗನ್ನ ಕುಂದರಿಸಿ, ಚಾ ತರಿಸಿ ಕುಡಿಸಿ, ಬಿಲ್ ಬುಕ್ಕಿನ್ಯಾಗ ಬರದ ಹರದ ಕೊಟ್ರು: "ಎಡಗೈ ಸೌಟ ತಯಾರ ಮಾಡಿ ಕೊಡತೀವಿ. ಅಳತಿ ಕೊಡಾಕ ಯಾದಿ ಬರದವ್ರ ಸ್ವತಃ ಬರಬೇಕು." ಮರದಿನ ಅಕ್ಕಾರು ಪಾವಕಿಲೋ ಪೇಢೆ ಹಿಡಕೊಂಡ ಆ ಅಜ್ಜಾರ ಹತ್ರ ಹೋಗಿ ನಕ್ಕು ಕೈ ಮುಗದ ಬಂದ್ರು, ಅವತ್ತಿನಿಂದ ನಮ್ಮ ಆಫೀಸಿನ ಎಲ್ಲಾರ ಮನಿ ಭಾಂಡೆ ಸಾಮಾನು ಅದ ಅಂಗಡ್ಯಾಗ. ಆ ಹುಡುಗ ಈಗ ನಮ್ಮ ಸೆಕ್ಷನ್ನಿಗೆ ಸೂಪರಿಂಟೆಂಡೆಂಟ್, ಆ ಬಿಲ್ಲು ಅವನ ಟೇಬಲ್ ಗಾಜಿನ ಕೆಳಗ ಇನ್ನೂ ಐತಿ.

ಇನ್ನ ಹೊತ್ತು. ಹಬ್ಬಕ್ಕ ಮುಂಚಿನ ಐತವಾರ ಬಿಟ್ಟಬಿಡ್ರಿ, ಆವತ್ತ ಕುಂದಗೋಳ, ನವಲಗುಂದ, ಕಲಘಟಗಿ, ಶಿಗ್ಗಾವಿ, ಗದಗ ಕಡೆಯಿಂದ ಮಂದಿ ಬಂದ ಬ್ರಾಡ್‌ವೇದಾಗ ಕಾಲಿಡಾಕ ಜಾಗಾ ಇರೂದಿಲ್ಲ. ಸಂಜಿ ಐದರ ಮ್ಯಾಲೂ ಬ್ಯಾಡ. ನೀರು ತುಂಬೂ ಹಬ್ಬಕ್ಕ ನಾಕೈದ ದಿನಾ ಮದಲ, ವಾರದ ನಡಬರಕ, ಮುಂಜಾನೆ ಹನ್ನೊಂದರಿಂದ ಎರಡರ ತನಕಾ ಅಗದಿ ಬೆಸ್ಟ್. ಅಂಗಡಿಯವ್ರು ಪೂಜಿ ಮುಗಿಸಿ ಕುಂತಿರತಾರ, ಬೋಣಿ ಹೊತ್ತು, ಮಾಲು ಮಡಿಚಿದ್ದು ಮಡಿಚಿದಂಗ ಇರತೈತಿ, ತೋರಿಸಾಕ ಬ್ಯಾಸರಾ ಮಾಡಕೊಳ್ಳೂದಿಲ್ಲ.

ಆದ್ರ ಅದ ಹೊತ್ತು ಆಫೀಸಿಂದೂ ಹೊತ್ತು. ಅದಕ್ಕ ಹಾಫ್ ಡೇ ಕೇಳ್ರಿ, ಸೀದಾ ಹೋಗಿ ಕೇಳ್ರಿ, ಎಲ್ಲಾರೂ ಒಮ್ಮೆ ಅಲ್ಲ, ಇವತ್ತ ನಾಕ ಮಂದಿ ನಾಳೆ ನಾಕ ಮಂದಿ ಅಂತ ಪಾಳಿ ಹಚ್ಚಿ ಕೇಳ್ರಿ. ನಾವು ಒಂದ ಸಲ ಕೇಳದ ಹೋಗಿದ್ವಿ. ಕುರ್ಚಿಗೆ ಸ್ವೆಟರ್ ಹಾಕಿ, ಟೇಬಲ್ ಮ್ಯಾಲೆ ಚಾಳೀಸಿನ ಡಬ್ಬಿ ಇಟ್ಟು, ಫ್ಯಾನ್ ಹಚ್ಚಿಟ್ಟ, ಲೆಡ್ಜರ್ ತಗದಿಟ್ಟು, ಸಿಪಾಯಿ ಕಾಕಾಗ "ಹನ್ನೆರಡಕ್ಕ ದಿನದಂಗ ನಮ್ಮ ಟೇಬಲ್ ಮ್ಯಾಲೆ ಚಾ ಇಟ್ಟಬಿಡ್ರಿ" ಅಂತ ಹೇಳಿ ಹಿಂದಿನ ಬಾಗಲದಿಂದ ಹೊಂಟ್ವಿ. ಕಾಕಾ ಪಾಪ ಹೇಳಿದಂಗ ನಾಕ ಕಪ್ ಇಟ್ಟಾರ. ಎರಡೂವರಿಗೆ ವಾಪಸ್ ಬಂದ್ರ ನಾಕೂ ಚಾದ ಮ್ಯಾಲೆ ಕೆನಿ ಕಟ್ಟೇತಿ, ಒಂದೊಂದ ಕಪ್ಪಿನ ಕೆಳಗ ಒಂದೊಂದ ಚೀಟಿ, ಸಾಹೇಬ್ರ ಎಡಗೈ ಅಕ್ಷರ. ನನ್ನ ಚೀಟ್ಯಾಗ "ಚಾ ಆರೇತಿ", ಎರಡನೇದರಾಗ "ಫ್ಯಾನ್ ಆರಿಸೇನಿ", ಮೂರನೇದರಾಗ "ಸ್ವೆಟರ್ ಜೋಡಿ ಮಾತಾಡಿದೆ, ಉತ್ತರ ಕೊಡಲಿಲ್ಲ", ನಾಕನೇದರಾಗ "ಮತ್ತ ಹೋದ್ರ ನಮ್ಮನಿಗೆ ಎರಡ ಡಜನ್ ಪಣತಿ ತರ್ರಿ" ಅಂತ ಬರದಿದ್ರು. ನಾವು ನಾಕೂ ಮಂದಿ ಒಬ್ಬರ ಮಾರಿ ಒಬ್ರು ನೋಡಿ ನಗೂದ ಬಂದ ಮಾಡಾಕ ಆಗಲಿಲ್ಲ, ಆ ಕಡೆ ಕ್ಯಾಬಿನ್ ಒಳಗಿಂದ ಅವರೂ ನಗಾಕತ್ತಿದ್ರು. ಮರದಿನ ಅರ್ಜಿ ಬರದು ಹಾಫ್ ಡೇ ತಗೊಂಡ ಹೋಗಿ ಪಣತಿ ತಂದ ಕೊಟ್ವಿ. ಅವತ್ತಿನಿಂದ ಯಾದಿ ಮದಲನೇ ಸಾಲು ಸಾಹೇಬ್ರ ಪಣತೀದು, ಸಾಹೇಬ್ರು ಬದಲಾದ್ರೂ ಆ ಸಾಲು ಬದಲಾಗಿಲ್ಲ.

ಹೋಗೂದು ಬಸ್ಸಿನ್ಯಾಗ ಹೋಗ್ರಿ, ಗಾಡಿ ತಗೊಂಡ ಹೋಗಬ್ಯಾಡ್ರಿ. ಕೊಪ್ಪಿಕರ ರೋಡಿನ್ಯಾಗ ಪಾರ್ಕಿಂಗ್ ಹುಡುಕೂ ಹೊತ್ತಿನ್ಯಾಗ ಅರ್ಧಾ ಸಂತಿ ಮುಗಿಯತೈತಿ. ಧಾರವಾಡದಿಂದ ಬರೂವ್ರಿಗೆ ಚಿಗರಿ ಬಸ್ ಐತಿ, ತನ್ನದ ಬ್ಯಾರೆ ದಾರ್‍ಯಾಗ ಹೋಗತೈತಿ, ಸುಮಾರು 22 ಕಿಲೋಮೀಟರ್, ನಡಬರಕ ಟ್ರಾಫಿಕ್ ಜಗ್ಗಾಟ ಕಮ್ಮಿ. ಸಾದಾ ಸಿಟಿ ಬಸ್ಸಿನ್ಯಾಗ 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಣ್ಣಮಕ್ಕಳಿಗೆ ಟಿಕೆಟ್ ರೊಕ್ಕ ಇಲ್ಲ, ಗುರುತಿನ ಚೀಟಿ ಕೈಯಾಗ ಇರಲಿ. ಚೆನ್ನಮ್ಮ ಸರ್ಕಲ್ ಸುತ್ತ ಫ್ಲೈಓವರ್ ಕೆಲಸ ಶುರು ಆದಾಗಿಂದ ಬಸ್ಸು ತಿರಗೂ ದಾರಿ ಆಗಾಗ ಬದಲಾಗತಾವ, ಹತ್ತೂ ಮುಂದ ಕಂಡಕ್ಟರ್‌ಗೆ ಎಲ್ಲಿ ಇಳಸತೀರಿ ಅಂತ ಕೇಳೇ ಹತ್ತರಿ.

ಪ್ಯಾಟ್ಯಾಗ ಇಳದ ಮ್ಯಾಲೆ ಮದಲ ಮಾಡೂ ಕೆಲಸ ಏನಂದ್ರ ಕೂಡೂ ಜಾಗಾ ಗೊತ್ತ ಮಾಡೂದು. "ಫೋನ್ ಮಾಡತೀನಿ ತಗೋ" ಅಂತ ಬಿಡಬ್ಯಾಡ್ರಿ, ಆ ಗದ್ದಲದಾಗ ಫೋನ್ ಬಾರಿಸಿದ್ದ ಕೇಳಸೂದಿಲ್ಲ. ದುರ್ಗದಬೈಲಿನ್ಯಾಗ ಕೂಡೂಣು ಅಂದ್ರೂ ಆಗೂದಿಲ್ಲ, ಅಲ್ಲೇ ನಿಂತ್ರೂ ಒಬ್ರಿಗೊಬ್ರು ಕಾಣೂದಿಲ್ಲ. ಒಂದ ಚಾದಂಗಡಿ ಗೊತ್ತ ಮಾಡ್ರಿ, ತಾಸಿಗೊಮ್ಮೆ ಎಲ್ಲಾರೂ ಅಲ್ಲಿಗೆ ಬರಬೇಕು, ಬಂದ ಕೂಡ್ಲೆ ಯಾದ್ಯಾಗ ಆದದ್ದಕ್ಕ ಗೀಟ ಹೊಡಿಬೇಕು. ಪರ್ಸ್ ಮುಂದ ಹಿಡೀರಿ, ಹೆಗಲಿನ ಚೀಲ ಹೊಟ್ಟಿ ಮುಂದ ತಗೋರಿ. ಹತ್ತರ ಇಪ್ಪತ್ತರ ನೋಟು ಒಂದಷ್ಟು ಮನಿಂದನ ಒಯ್ರಿ, ಎಲ್ಲಾ ಕಡೆ ಫೋನಿನ್ಯಾಗ ರೊಕ್ಕಾ ಹಾಕತೀವಿ ಅಂದ್ರ ಮಂದಿ ಹೆಚ್ಚಾದಾಗ ನೆಟ್‌ವರ್ಕ್ ಸುತ್ತಕೋತ ಕುಂದರತೈತಿ, ನೀವು ಹೂವಿನಾಕಿ ಮುಂದ ಫೋನ್ ಹಿಡದು ನಿಂತಿರತೀರಿ, ಹಿಂದಿನವ್ರು ನೂಕತಿರತಾರ.

ಸೀರಿ ವಿಷಯಕ್ಕ ಬರತೀನಿ, ಇಲ್ಲಿ ನಾ ಸ್ವಲ್ಪ ಹೆಚ್ಚ ಹೇಳಾಕ ಬೇಕು. ಹಬ್ಬಕ್ಕ ಇಳಕಲ್ ಸೀರಿ ತಗೊಳ್ಳೂವ್ರು ಬಾರ್ಡರ್ ನೋಡಿ ಮರುಳಾಗಬ್ಯಾಡ್ರಿ, ಸೀರಿ ಮಗ್ಗಲಾ ತಿರವಿ ಮೈ ಮತ್ತ ಸೆರಗು ಕೂಡೂ ಜಾಗಾ ನೋಡ್ರಿ. ಖರೇ ಇಳಕಲ್ ಸೀರ್‍ಯಾಗ ಮೈಗೆ ಒಂದ ಹಾಸು (ಉದ್ದಕ ಹಾಸಿದ ಎಳಿ), ಸೆರಗಿಗೆ ಇನ್ನೊಂದ ಹಾಸು ಇರತೈತಿ, ಎರಡನ್ನೂ ಎಳಿ ಎಳಿಗೆ ಕೊಂಡಿ ಹಾಕಿ ಜೋಡಿಸಿರತಾರ. ಆ ಕೊಂಡಿ ಬೆರಳಿಗೆ ಹತ್ತತೈತಿ, ಕಣ್ಣು ಮುಚ್ಚಕೊಂಡ ಸವರಿದ್ರೂ ಗೊತ್ತಾಗತೈತಿ. ಪವರ್‌ಲೂಮ್‌ದಾಗ ಬಣ್ಣ ಬದಲಾಗಿರತೈತಿ ಅಷ್ಟ, ಕೊಂಡಿ ಇರೂದಿಲ್ಲ. ಸೆರಗಿಗೆ ಟೋಪ ತೆನಿ ಅಂತಾರ, ಕೆಂಪು ಬಿಳಿ ತೆನಿ ತೆನಿ ಹಂಗ ಕಾಣೂದು. ರೇಷ್ಮಿ ಅಂತ ಹೇಳಿದ್ರ ಸೆರಗಷ್ಟ ರೇಷ್ಮಿಯೋ, ಮೈಯೂ ರೇಷ್ಮಿಯೋ, ಇಲ್ಲಾ ಆರ್ಟ್ ಸಿಲ್ಕ್ ಅಂದ್ರ ನಕಲಿ ರೇಷ್ಮಿಯೋ ಅಂತ ಬಾಯಿ ಬಿಟ್ಟ ಕೇಳ್ರಿ, ಕೇಳೂದಕ್ಕ ಸಂಕೋಚ ಬ್ಯಾಡ. ಆರ್ಟ್ ಸಿಲ್ಕ್ ಕೆಟ್ಟದ್ದೇನಲ್ಲ, ದಿನಾ ಉಡಾಕ ಅದ ಚೊಲೊ, ಆದ್ರ ರೇಷ್ಮಿ ರೇಟಿಗೆ ತಗೋಬಾರದು. ಮದಲನೇ ಸಲ ಒಗಿಯೂ ಮುಂದ ಬ್ಯಾರೇನ ನೆನಿ ಹಾಕ್ರಿ, ಬಿಳಿ ಅಂಗಿ ಜೋಡಿ ಹಾಕಬ್ಯಾಡ್ರಿ. ನಮ್ಮ ನಾಕ ಮಂದಿ ಒಳಗ ಸೀರಿ ಸವರಿ ನೋಡೂದು ನಂದ ಕೆಲಸ, ಯಾಕಂದ್ರ ನಮ್ಮ ಅವ್ವ ಚಿಕ್ಕಂದ್ರಾಗ ನನ್ನ ಬೆರಳ ಹಿಡದು ಆ ಕೊಂಡಿ ಮ್ಯಾಲೆ ಸವರಿಸಿ ತೋರಿಸಿದ್ಲು, ಇವತ್ತೂ ಅಂಗಡ್ಯಾಗ ಸೆರಗ ಮುಟ್ಟಿದ್ರ ಅವ್ವನ ಕೈ ನೆನಪಾಗತೈತಿ.

ಬ್ಯಾಡಗಿ ಮೆಣಸಿನಕಾಯಿ ಹಬ್ಬದಾಗ ವರ್ಷಕ್ಕಾಗೂವಷ್ಟು ತಗೋಬ್ಯಾಡ್ರಿ. ಅರ್ಧಾ ಕಿಲೋ ಒಂದ ಕಿಲೋ ಸಾಕು. ಹೊಸಾ ಕಾಯಿ ಬ್ಯಾಡಗಿ ಮಾರ್ಕೆಟ್ಟಿಗೆ ಬರೂದು ಸಂಕ್ರಾಂತಿ ಆಜುಬಾಜು ಶುರು ಆಗಿ ಬ್ಯಾಸಗಿ ತನಕಾ, ದೀಪಾವಳ್ಯಾಗ ಸಿಗೂದು ಹೆಚ್ಚಿನಂಶ ಕೋಲ್ಡ್ ಸ್ಟೋರೇಜಿಂದು. ಕೋಲ್ಡ್ ಸ್ಟೋರೇಜಿಂದು ಬಣ್ಣ ಕೊಡತೈತಿ, ಆದ್ರ ವರ್ಷದ ಖಾರಪುಡಿ ಕುಟ್ಟಸಾಕ ಫೆಬ್ರವರಿ ಮಾರ್ಚ್‌ದಾಗ ತಗೊಂಡ ನಾಕ ಬಿಸಲ ಕೊಟ್ರನ ಅದರ ರುಚಿ. ಬ್ಯಾಡಗ್ಯಾಗ ಕಡ್ಡಿ, ಡಬ್ಬಿ ಅಂತ ಎರಡ ಜಾತಿ. ಕಡ್ಡಿ ಅಂದ್ರ ಉದ್ದಕ, ಸಪೂರ, ಮೈ ತುಂಬ ಸುಕ್ಕು. ಡಬ್ಬಿ ಅಂದ್ರ ಗಿಡ್ಡಕ, ದಪ್ಪ, ಬೀಜ ಹೆಚ್ಚು. ಸುಕ್ಕು ಇಲ್ಲದ ನುಣ್ಣಗ ಹೊಳಿಯೂ ಕಾಯಿ ತೋರಿಸಿ ಬ್ಯಾಡಗಿ ಅಂದ್ರ ನಂಬಬ್ಯಾಡ್ರಿ. ಪುಡಿ ತಗೊಂಡಿದ್ರ ಮನಿಗೆ ಬಂದು ಒಂದ ಗ್ಲಾಸು ನೀರಿನ ಮ್ಯಾಲೆ ಚಿಟಿಕಿ ಉದರಿಸ್ರಿ, ನೀರಾಗ ಕರಗೂ ಬಣ್ಣ ಕಲಿಸಿದ್ರ ಕೂಡ್ಲೆ ಗೀಟು ಗೀಟಾಗಿ ಕೆಂಪ ಕೆಳಗ ಇಳಿಯತೈತಿ.

ಬಂಗಾರದ ಮಾತು ಲಗೂನ ಹೇಳಿ ಮುಗಸತೀನಿ: ಹಾಲ್‌ಮಾರ್ಕ್ ಜೋಡಿ ಆರ ಅಕ್ಷರ-ಅಂಕಿ ಇರೂ, ಒಂದೊಂದ ದಾಗೀನಕ್ಕ ಬ್ಯಾರೆ ಬ್ಯಾರೆ ಆಗಿರೂ ಎಚ್‌ಯುಐಡಿ ನಂಬರ್ ಇರಬೇಕು, 2023ರ ಏಪ್ರಿಲ್ 1ರಿಂದ ಅದಿಲ್ಲದ ಹಾಲ್‌ಮಾರ್ಕ್ ಸಾಮಾನು ಅಂಗಡ್ಯಾಗ ಮಾರೂ ಹಂಗಿಲ್ಲ, ಬಿಐಎಸ್ ಕೇರ್ ಆ್ಯಪಿನ್ಯಾಗ ಆ ನಂಬರ್ ಹಾಕಿ ಅಲ್ಲೇ ನಿಂತ ನೋಡ್ರಿ. ಮಿಠಾಯಿ ತೂಗೂ ಮುಂದ ಖಾಲಿ ಡಬ್ಬಿ ಇಟ್ಟು ಕಾಟಾ ಸೊನ್ನಿಗೆ ತಂದ ಆಮ್ಯಾಲೆ ತೂಗರಿ ಅಂತ ಹೇಳ್ರಿ, ಡಬ್ಬಿ ತೂಕ ಮಿಠಾಯಿ ರೇಟಿಗೆ ಕೊಡಬೇಕಾಗಿಲ್ಲ. ಎಂಆರ್‌ಪಿಕಿಂತ ಹೆಚ್ಚ ಕೇಳಿದ್ರ ಕೊಡಬ್ಯಾಡ್ರಿ, ಬಿಲ್ ಇಸಗೋರಿ, ಗ್ರಾಹಕರ ಸಹಾಯವಾಣಿ ನಂಬರ್ 1915 ಫೋನಿನ್ಯಾಗ ಸೇವ್ ಇರಲಿ. ಧಾರವಾಡ ಪೇಢೆ ಹಬ್ಬದ ಹಿಂದಿನ ದಿನಾ ತರ್ರಿ, ಮದಲ ತಂದ್ರ ಹಬ್ಬದ ದಿನಾ ಡಬ್ಬಿ ಅಷ್ಟ ಉಳಿತೈತಿ.

ಪಣತಿ ಮಾರೂ ಅಜ್ಜಿ ಜೋಡಿ ಮಾತ್ರ ಚೌಕಾಶಿ ಮಾಡಬ್ಯಾಡ್ರಿ. ಇದು ನನ್ನ ಕಳಕಳಿ ಮಾತು. ಬಿಸಲಾಗ ಫುಟ್‌ಪಾತ್ ಮ್ಯಾಲೆ ಕುಂತು ಡಜನ್ ಪಣತಿಗೆ ಆಕಿ ಹೇಳೂದು ಎಷ್ಟಂತ, ಅದರಾಗ ಹತ್ತ ರೂಪಾಯಿ ಕಡಿಮಿ ಮಾಡಿ ನಮಗೇನಾಗಬೇಕು. ಪಣತಿನ್ನ ಒಂದೊಂದನ್ನ ಬೆರಳಲೆ ಬಡದು ನೋಡ್ರಿ, ಟಣ್ ಅಂದ್ರ ಚೊಲೊ ಸುಟ್ಟೈತಿ, ಧಪ್ ಅಂದ್ರ ಸೀಳಿರತೈತಿ ಇಲ್ಲಾ ಹಸಿ ಇರತೈತಿ. ಮನಿಗೆ ತಂದು ಒಂದ ರಾತ್ರಿ ನೀರಾಗ ನೆನಿ ಹಾಕಿ ಒಣಗಿಸಿದ್ರ ಎಣ್ಣಿ ಕುಡಿಯೂದು ಕಡಿಮಿ. ಚೆಂಡ ಹೂವು, ಬಾಳಿಕಂಬ, ಕಬ್ಬು, ಪಾಡ್ಯದ ದಿನಾ ಸಗಣಿಲೆ ಮಾಡೂ ಹಟ್ಟೆವ್ವಗ ಏರಿಸಾಕ ಉತ್ತರಾಣಿ ಕಡ್ಡಿ, ಇವನ್ನೆಲ್ಲಾ ಕಡೀಕ ತಗೋರಿ, ಹೂವು ಒದ್ದಿ ಅರಬ್ಯಾಗ ಸುತ್ತಿ ಚೀಲದ ಮ್ಯಾಲೆ ಇಡ್ರಿ. ಒಬ್ರ ಚೀಲದಾಗ ಕುಂಬಳಕಾಯಿ ಇದ್ರ ಆ ಚೀಲದಾಗ ಪಣತಿ ಇಡಬ್ಯಾಡ್ರಿ.

ನಮ್ಮಲ್ಲಿ ಯಾರರ ತವರು ಹಾವೇರಿ ಇದ್ರ ಅವರ ಕಡೆಯಿಂದ ಯಾಲಕ್ಕಿ ಹಾರ ತರಿಸೂದು ರೂಢಿ. ಹಿಂದಕ ಮಲೆನಾಡಿನ ಯಾಲಕ್ಕಿ ಹಾವೇರಿಗೆ ಬಂದು ಅಲ್ಲಿ ನೀರಾಗ ತೊಳದು ಬೆಳ್ಳಗ ಆಗಿ ಮಾರಾಟ ಆಗತಿತ್ತು, ಆ ಊರಿನ ಯಾಲಕ್ಕಿ ಕಂಪು ಹಂಗ ಹಾರದಾಗ ಉಳದೈತಿ. ಹಾರ ಎಳಿ ಲೆಕ್ಕದ ಮ್ಯಾಲೆ ಇರತಾವ, ಎಳಿ ಹೆಚ್ಚಾದಂಗ ರೇಟು ಹೆಚ್ಚು. ತಗೊಂಡ ಕೂಡ್ಲೆ ಗಾಳಿ ಆಡದಂಗ ಡಬ್ಬ್ಯಾಗ ಹಾಕಿ ಕೀಲಿ ಇರೂ ಕಪಾಟಿನ್ಯಾಗ ಇಡ್ರಿ, ಕೀಲಿ ಅಂತ ಯಾಕ ಹೇಳತೀನಿ ಅಂದ್ರ, ನಮ್ಮ ಒಬ್ರ ಸಾಹೇಬ್ರು ರಿಟೈರ್ ಆಗೂ ಮುಂದ ಹಬ್ಬದ ಸಂತಿ ಜೋಡಿನ ಹಾರಾನೂ ತರಿಸಿ ಕೀಲಿ ಇಲ್ಲದ ಕಪಾಟಿನ್ಯಾಗ ಇಟ್ಟಿದ್ವಿ. ಸಮಾರಂಭಕ್ಕ ಇನ್ನೂ ಎಂಟ ದಿನಾ ಇತ್ತು. ಆ ಎಂಟೂ ದಿನಾ ನಮ್ಮ ಆಫೀಸ್ ಚಾ ಅಷ್ಟ ಘಮಾ ಯಾವತ್ತೂ ಬಂದಿದ್ದಿಲ್ಲ, ಎಲ್ಲಾರೂ ಎರಡೆರಡ ಕಪ್ ಕುಡದ್ರು, ಯಾರೂ ಯಾಕ ಅಂತ ಕೇಳಲಿಲ್ಲ. ಹಾರ ಹಾಕೂ ದಿನಾ ನೋಡತೀವಿ, ಎಡಗಡೆ ಎಳ್ಯಾಗ ಬರೇ ದಾರ ಮತ್ತ ಮಣಿ ಕಾಣಾಕತ್ತಾವ! ಸಾಹೇಬ್ರು ಹಾರ ಕೈಯಾಗ ಹಿಡದು ಮೂಸಿ ನೋಡಿ, ಮೈಕ್ ಮುಂದ "ಒಂದ ವಾರದಿಂದ ಚಾ ಅಷ್ಟ ಚೊಲೊ ಯಾಕ ಆಗಾಕತ್ತಿತ್ತು ಅಂತ ಈಗ ತಿಳೀತು, ನನ್ನ ಹಾರ ನೀವೆಲ್ಲಾ ಮದಲ ಹಾಕ್ಕೊಂಡಬಿಟ್ಟೀರಿ" ಅಂದ್ರು. ಹಾಲ್ ತುಂಬ ನಗಿ, ಸಿಪಾಯಿ ಕಾಕಾನ ಕಣ್ಣಾಗ ನೀರು, ನಗೂದಕ್ಕೋ ಅಳೂದಕ್ಕೋ ಗೊತ್ತಾಗಲಿಲ್ಲ, ಅವರು ಸಾಹೇಬ್ರ ಜೋಡಿ ಹದಿನೆಂಟ ವರ್ಷ ಇದ್ದವ್ರು.

ಸಂತಿ ಮುಗದ ಮ್ಯಾಲೆ ಸೀದಾ ಬಸ್ಸಿಗೆ ಹೋಗಬ್ಯಾಡ್ರಿ. ದುರ್ಗದಬೈಲಿಗೆ ಹೋಗಿ ಗಿರ್ಮಿಟ್ ಮಿರ್ಚಿ ತಿನ್ರಿ, ಚೀಲ ನಾಕೂ ಕಾಲ ನಡಬರಕ ಇಟಗೋರಿ. ಗಿರ್ಮಿಟ್ ಕಲಿಸಿದ ಕೂಡ್ಲೆ ತಿನಬೇಕು, ಚುರಮರಿ ಮೆತ್ತಗಾಗೂಕಿಂತ ಮದಲ. ಅಲ್ಲಿ ಲೆಕ್ಕಾ ತಗಿಬ್ಯಾಡ್ರಿ, ದಣದಾಗ ಲೆಕ್ಕಾ ತಪ್ಪತೈತಿ, ಐದ ರೂಪಾಯಿಗೆ ಮಾರಿ ಸಣ್ಣದಾಗತಾವ. ಮರದಿನ ಮುಂಜಾನೆ ಆಫೀಸಿನ್ಯಾಗ ಚಾ ಬರೂಕಿಂತ ಮದಲ ಯಾದಿ ಹರವಿ, ಬಿಲ್ಲು ಜೋಡಿಸಿ, ಯಾರಿಂದ ಯಾರಿಗೆ ಎಷ್ಟು ಅಂತ ಬರದು ಅಲ್ಲೇ ಕೊಟ್ಟ ಮುಗಸ್ರಿ. ಚಿಲ್ಲರ ಹತ್ತೋ ಹದಿನೈದೋ ರೂಪಾಯಿ ಉಳಿದ್ರ ಹಂಚಾಕ ಹೋಗಬ್ಯಾಡ್ರಿ, ಸಿಪಾಯಿ ಕಾಕಾಗ ಕೊಟ್ಟು ಚಾಕ್ಕ ಯಾಲಕ್ಕಿ ತರಸ್ರಿ.